ಮೂವತ್ತೊಂದನೆಯ ದೋಣಿಯ ಒಂದು ಟಕ್

ಕರ್ಕೆನ್ನಾ ದ್ವೀಪದ ಮೂಡಣ ಬಂದರಿನಲ್ಲಿ ಮೀನುಗಾರರ ಸಂಘಕ್ಕೊಂದು ಕಟ್ಟಡ. ಕೆಳಗೆ ಮಂಜುಗಡ್ಡೆಯ ಗೋದಾಮು, ಹೊರಗಿನಿಂದ ಮೆಟ್ಟಿಲು, ಮೇಲೆ ಒಂದೇ ಒಂದು ಕೋಣೆ. ಆ ಕೋಣೆಯಲ್ಲಿ ಸಾಲ್ಹಾ ಹತ್ತೊಂಬತ್ತು ವರ್ಷ ಕುಳಿತಳು. ಮುಂದೆ ಒಂದು ಮೇಜು, ಮೇಜಿನ ಮೇಲೆ ರೇಡಿಯೋ ಯಂತ್ರ, ಗೋಡೆಗೆ ಗಡಿಯಾರ, ಕೈಯಲ್ಲಿ ಸೀಸದ ಕಡ್ಡಿ. ಕಿಸೆಯ ಫೋನುಗಳು ಇನ್ನೂ ಹುಟ್ಟದ ಕಾಲ. ಕಡಲಿಗಿಳಿದ ಐವತ್ತೆರಡು ದೋಣಿಗಳ ಸುದ್ದಿ ದಡಕ್ಕೆ ಬರಬೇಕಾದರೆ ಆ ಯಂತ್ರದ ಒಂದೇ ದಾರಿಯಲ್ಲಿ ಬರಬೇಕಿತ್ತು.

ಅವಳ ಕಿವಿ ಹುಟ್ಟಾ ಚುರುಕು. ಅಪ್ಪ ಮಕ್ದಾದ್ ಮಣ್ಣಿನ ಮಡಕೆ ಮುಳುಗಿಸಿ ಅಷ್ಟಪಾದಿ, ಅಂದರೆ ಆಕ್ಟೋಪಸ್, ಹಿಡಿಯುವವನು. ಸುಗ್ಗಿಗೆ ಮುಂಚೆ ನೂರಾರು ಮಡಕೆಗಳನ್ನು ಅಂಗಳದಲ್ಲಿ ಸಾಲಿಟ್ಟು ಒಂದೊಂದನ್ನೇ ಬೆರಳಿನಿಂದ ಬಡಿದು ನೋಡುತ್ತಿದ್ದ. ಆರು ವರ್ಷದ ಸಾಲ್ಹಾ ಒಳಗೆ ರೊಟ್ಟಿ ತಿನ್ನುತ್ತಾ ಕೂತಲ್ಲಿಂದಲೇ, “ಅಪ್ಪಾ, ಅದು ಸೀಳಿದೆ,” ಎನ್ನುತ್ತಿದ್ದಳು. ಅವನು ತಿರುಗಿಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು ಇರುತ್ತಿತ್ತು.

ಹತ್ತೊಂಬತ್ತಕ್ಕೆ ಸ್ಫಾಕ್ಸ್ ಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಒಂಬತ್ತು ವರ್ಷ ತಂತಿ ಚುಚ್ಚಿ ತಂತಿ ಕಿತ್ತಳು. ಒಬ್ಬ ಮಾತು ಮುಗಿಸಿದರಲ್ಲವೇ ಇನ್ನೊಬ್ಬನಿಗೆ ದಾರಿ? ಸಾವಿನ ಸುದ್ದಿ ಹೇಳಬೇಕಾದವನು ಸರದಿಯಲ್ಲಿ ಕಾಯುತ್ತಿದ್ದರೆ, ಇತ್ತ ಒಬ್ಬ ಎಣ್ಣೆ ವ್ಯಾಪಾರಿ ಬೀಗರ ಜತೆ ಹವಾಮಾನ ಹರಟುತ್ತಿದ್ದ. ಇದನ್ನು ದಿನವೂ ಕಂಡು ಅವಳ ಮೈಗೇ ಒಂದು ಗುಣ ಅಂಟಿತು: ಉದ್ದದ ಮಾತು ಕೇಳಿದರೆ ಬೆರಳು ತುರಿಸುವುದು. ಆಮೇಲೆ ಮನುಷ್ಯರ ಬದಲು ಯಂತ್ರವೇ ತಂತಿ ಜೋಡಿಸುವ ಕಾಲ ಬಂತು, ಹುಡುಗಿಯರನ್ನು ಮನೆಗೆ ಕಳಿಸಿದರು. ಸಾಲ್ಹಾ ಲಾಂಚಿನಲ್ಲಿ ಹಗ್ಗ ಹಿಡಿಯುತ್ತಿದ್ದ ನೂರಿಯನ್ನು ಮದುವೆಯಾಗಿ ದ್ವೀಪಕ್ಕೇ ಮರಳಿದಳು.

ಅದೇ ವರ್ಷ ಸಂಘ ದೋಣಿಗೊಂದು ಕೈರೇಡಿಯೋ ಕೊಡಿಸಿತು. ದಡದಲ್ಲಿ ಕೂತು ಕೇಳಲು ಯಾರನ್ನು ಇಡುವುದು ಎಂಬ ಚರ್ಚೆ ಬಂದಾಗ ಸಂಘದ ಅಧ್ಯಕ್ಷ ಹಾಜಿ ತೀಜಾನಿ ಒಂದೇ ಮಾತಿನಲ್ಲಿ ಮುಗಿಸಿದ.

“ಗಂಡಸನ್ನ ಕೂರಿಸಿದ್ರೆ ಚಹಾ ಕುಡೀತಾ ಇಸ್ಪೀಟ್ ಆಡ್ತಾನೆ. ಮಕ್ದಾದ್‌ನ ಮಗಳು ಕೂರ್ಲಿ. ಅವಳಿಗೆ ಬೇರೆಯವರ ಮಾತು ಕೇಳೋದೇ ಕಸುಬಾಗಿತ್ತಲ್ಲ.”

ಕೂತ ಮೊದಲ ದಿನವೇ ಸಾಲ್ಹಾಳಿಗೆ ರೋಗ ಗೊತ್ತಾಯಿತು. ಆ ಕೈರೇಡಿಯೋಗಳಲ್ಲಿ ಒಬ್ಬ ಗುಂಡಿ ಒತ್ತಿ ಮಾತಾಡುವಾಗ ಮಿಕ್ಕವರೆಲ್ಲ ಬಾಯಿ ಮುಚ್ಚಿರಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕುಯ್ಯೋ ಎಂದು ಅರಚಿ ಇಬ್ಬರದೂ ಹಾಳು. ಒಬ್ಬರೇ ನುಸುಳಬಹುದಾದ ಓಣಿ ಅದು. ಆ ಓಣಿಯೊಳಗೆ ನಮ್ಮ ರಾಯಿಸರು, ಅಂದರೆ ದೋಣಿಯ ಯಜಮಾನರು, ಮದುವೆ ದಿಬ್ಬಣದಂತೆ ನಡೆಯುತ್ತಿದ್ದರು. ಅದರಲ್ಲೂ ರಾಯಿಸ್ ಖಮೈಸ್. ಅರವತ್ತರ ಹತ್ತಿರದ ಆಳು, ಮೋಡದಂಥ ಮೀಸೆ, ಕಡಲನ್ನು ಅಂಗೈಯಂತೆ ಬಲ್ಲವನು.

“ಅಸ್ಸಲಾಮು ಅಲೈಕುಂ, ಲಲ್ಲಾ ಸಾಲ್ಹಾ!” ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಲಲ್ಲಾ ಎಂದೇ.

“ವ ಅಲೈಕುಂ ಸಲಾಂ, ರಾಯಿಸ್. ಹೇಗಿದ್ದೀರಿ?”

“ಹಮ್ದುಲಿಲ್ಲಾ. ನೀನ್ ಹೇಗಿದ್ದೀಯವ್ವಾ?”

“ಹಮ್ದುಲಿಲ್ಲಾ.”

“ನೂರಿ? ಅವನ ಸೊಂಟ ನೋವು?”

“ಹಮ್ದುಲಿಲ್ಲಾ. ರಾಯಿಸ್, ಎಲ್ಲಿದ್ದೀರಿ ಹೇಳಿ.”

“ಹೇಳ್ತೀನಿ ತಾಳು, ಓಡಿ ಹೋಗ್ತೀನಾ? ಅಪ್ಪ? ಕೋಳಿ ಮೊಟ್ಟೆ ಇಡ್ತಾ?”

ಹೀಗೆ ಒಂದೊಂದು ದೋಣಿಗೆ ಒಂದೊಂದು ನಿಮಿಷ. ಐವತ್ತೆರಡು ದೋಣಿಗಳ ಲೆಕ್ಕ ಮುಗಿಯುವಷ್ಟರಲ್ಲಿ ಗಂಟೆ ಉರುಳಿ, ಮೊದಲು ಮಾತಾಡಿದವನ ಮೇಲೆ ಗಾಳಿ ತಿರುಗಿರುತ್ತಿತ್ತು. ಕೈರೇಡಿಯೋದ ಬ್ಯಾಟರಿಯೂ ಕುಶಲ ಕೇಳಿಯೇ ಸಾಯುತ್ತಿತ್ತು.

ಒಂದು ಚಳಿಗಾಲ ಪೂರ್ತಿ ಅವಳು ಇದನ್ನೇ ಮನಸ್ಸಿನಲ್ಲಿ ಅರೆದಳು. ದಡಕ್ಕೆ ಬೇಕಾದದ್ದಾದರೂ ಏನು? ಚೆನ್ನಾಗಿದ್ದಾನೋ, ವಾಪಸು ಬರುತ್ತಿದ್ದಾನೋ, ಕಷ್ಟದಲ್ಲಿದ್ದಾನೋ. ಮೂರೇ ಸಂಗತಿ. ಮೂರು ಸಂಗತಿಗೆ ಬಾಯಿ ಯಾಕೆ ಬೇಕು? ಮಾತಾಡದೆ ಬರಿಯ ಗುಂಡಿ ಒತ್ತಿ ಬಿಟ್ಟರೂ ಇತ್ತ ಯಂತ್ರದಲ್ಲಿ ‘ಟಕ್’ ಎನ್ನುತ್ತದೆ. ಓದಿದವರು ಇಂಥದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು ಪುಸ್ತಕ ಬರೆದಿದ್ದಾರೆ. ಸಾಲ್ಹಾ ಯಾವ ಪುಸ್ತಕವನ್ನೂ ನೋಡಿದವಳಲ್ಲ. ದೋಣಿಗೊಂದು ಸಂಖ್ಯೆ ಕೊಟ್ಟಳು. ಯಾವ ದಿಕ್ಕಿನಲ್ಲಿ ಬಲೆ ಹಾಕುವುದೆಂದು ಹೊರಡುವಾಗಲೇ ಬರೆಸಿ ಹೋಗುವುದು. ದಿನಕ್ಕೆ ನಾಲ್ಕು ಸಲ, ಗಾಳಿಯಿದ್ದರೆ ಇನ್ನೂ ಹೆಚ್ಚು, ತಾನು ಸಂಖ್ಯೆ ಕೂಗುವುದು. ಕೂಗಿದವನು ಮಾತ್ರ ಒತ್ತುವುದು. ಒಂದು ಟಕ್ ಎಂದರೆ ಚೆನ್ನಾಗಿದ್ದೇನೆ, ಎರಡು ಟಕ್ ಎಂದರೆ ವಾಪಸು ಬರುತ್ತಿದ್ದೇನೆ, ಮೂರು ಟಕ್ ಎಂದರೆ ಕಾಪಾಡಿ. ತನ್ನ ಸರದಿ ಬಿಟ್ಟು ಬೇರೆಯವರ ಸರದಿಯಲ್ಲಿ ಯಾರೂ ಕೈ ಹಾಕಕೂಡದು.

ಸಂಘದ ಸಭೆಯಲ್ಲಿ ಇದನ್ನು ಇಟ್ಟಾಗ ರಾಯಿಸ್ ಖಮೈಸ್ ಎದ್ದು ನಿಂತೇಬಿಟ್ಟ.

“ನಾನೇನು ಮರಕುಟಿಗನಾ, ಟಕ್ ಟಕ್ ಅಂತ ಬಡ್ಕೊಂಡು ಕೂರೋಕೆ?”

“ಕೊಕ್ಕು ಇದೆಯಲ್ಲ ರಾಯಿಸ್, ಮೀಸೆ ಕೆಳಗೆ!” ಎಂದು ಹಿಂದಿನಿಂದ ಯಾರೋ ಎಸೆದರು. ಸಭೆಯೆಲ್ಲ ನಕ್ಕಿತು.

“ನಗ್ರಪ್ಪಾ ನಗ್ರಿ. ಸಲಾಮಿಲ್ಲ, ಕುಶಲ ಇಲ್ಲ, ದೇವರ ಹೆಸರಿಲ್ಲ. ಕತ್ತೆನೂ ಕತ್ತೆ ಕಂಡ್ರೆ ಎರಡು ಸಲ ಅರಚುತ್ತೆ. ಮನುಷ್ಯ ಟಕ್ ಅಂದು ಸುಮ್ನಾಗಬೇಕಾ?”

ಅವನ ಮಾತಿಗೆ ಹಿರಿಯರ ತಲೆಗಳು ಅಲ್ಲಾಡಿದವು. ಸಾಲ್ಹಾ ನೋಡಿದಳು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಹಾಗಾಗುತ್ತಿದೆ. ಆಗ ಅವಳಿಗೆ ಹೊಳೆಯಿತು.

“ರಾಯಿಸ್, ದೇವರ ಹೆಸರು ಇದೆ. ಒಂದು ಟಕ್ ಅಂದ್ರೆ ಹಮ್ದುಲಿಲ್ಲಾ. ನೀವು ಒತ್ತಿದ್ರಿ ಅಂದ್ರೆ ದೇವರಿಗೆ ಸ್ತುತಿ ಸಲ್ಲಿಸಿದ್ರಿ ಅಂತ. ನಾನು ಹಾಗೇ ಬರ್ಕೋತೀನಿ.”

ಖಮೈಸ್ ಮೀಸೆ ತಿರುವಿದ.

“ಹಮ್ದುಲಿಲ್ಲಾ ಅಂತಾನೇ ಬರ್ಕೋಬೇಕು. ಬರೀ ಗೀಟು ಎಳೆದ್ರೆ ಒಪ್ಪಲ್ಲ.”

“ಹಮ್ದುಲಿಲ್ಲಾ ಅಂತಾನೇ ಬರ್ಕೋತೀನಿ.”

ಒಪ್ಪಿಗೆಯಾಯಿತು. ಆ ಜಾಣತನಕ್ಕೆ ಸಾಲ್ಹಾ ಮನೆಗೆ ಬಂದು ಗಂಡನ ಮುಂದೆ ಹೆಮ್ಮೆಪಟ್ಟಳು. ಹೆಮ್ಮೆಪಡುವಂಥದ್ದೇ. ಗಂಟೆ ಹಿಡಿಯುತ್ತಿದ್ದ ಕೆಲಸ ಮೂರು ನಿಮಿಷದೊಳಗೆ ಮುಗಿಯತೊಡಗಿತು. ನಾಲ್ಕು ಚಳಿಗಾಲಗಳಲ್ಲಿ ಮೂರು ಟಕ್ ಒತ್ತಿದ ಒಂಬತ್ತು ದೋಣಿಗಳನ್ನು ಹೊತ್ತಿಗೆ ಸರಿಯಾಗಿ ಹೋಗಿ ಎಳೆದು ತಂದರು. ಒಬ್ಬೊಬ್ಬರ ಹೆಬ್ಬೆರಳೂ ಸಾಲ್ಹಾಳಿಗೆ ಗುರುತು. ಏಳನೆಯವನದು ಚಿಟಿಕೆ ಹಾಕಿದಂತೆ, ಇಪ್ಪತ್ತರವನದು ಒದ್ದೆ ಬಟ್ಟೆ ಒಗೆದಂತೆ. ಖಮೈಸನದು ಮೂವತ್ತೊಂದನೆಯ ದೋಣಿ. ಅವನದು ಮೊಳೆಗೆ ಸುತ್ತಿಗೆ ಬಿದ್ದ ಹಾಗೆ, ಕಟುವಾಗಿ, ಕ್ಷಣದಲ್ಲಿ ಮುಗಿಯುವ ಟಕ್. ಒಲ್ಲದ ಮನಸ್ಸಿನಿಂದ ಒತ್ತುತ್ತಾನೆಂದು ಅದರಲ್ಲೇ ತಿಳಿಯುತ್ತಿತ್ತು.

ಹಳೆ ಚಾಳಿ ಎಲ್ಲಿ ಹೋಗುತ್ತದೆ? ಒಂದು ಬೆಳಿಗ್ಗೆ ಟಕ್ ಒತ್ತಿದವನೇ ಖಮೈಸ್ ಬಾಯಿ ತೆರೆದ. “ಲಲ್ಲಾ ಸಾಲ್ಹಾ, ಆ ಕಪ್ಪು ಕೋಳಿ—”

“ಮೂವತ್ತೊಂದು, ಸುಮ್ನಿರಿ. ನಿಮ್ಮ ಸರದಿ ಆಯ್ತು. ಮೂವತ್ತೆರಡು.”

ಐವತ್ತೊಂದು ದೋಣಿಗಳು ಅದನ್ನು ಕೇಳಿಸಿಕೊಂಡವು. ಸಂಜೆ ದಡದಲ್ಲಿ ಬಲೆ ಕೊಡವುವಾಗ ಪಡ್ಡೆಗಳು, “ಮೂವತ್ತೊಂದು, ಸುಮ್ನಿರಿ,” ಎಂದು ಅವಳ ದನಿಯಲ್ಲೇ ಅಣಕಿಸಿದರು. ಖಮೈಸ್ ಬಲೆ ಮಡಚಿ ಮನೆಗೆ ನಡೆದ. ಆಮೇಲೆ ಅವನು ಸರದಿ ಮೀರಿ ಒಂದಕ್ಷರ ನುಡಿಯಲಿಲ್ಲ.

ಐದನೆಯ ಚಳಿಗಾಲ, ಫೆಬ್ರುವರಿಯ ಒಂದು ಬುಧವಾರ. ಬೆಳಿಗ್ಗೆ ಕಡಲು ಎಣ್ಣೆ ಹೊಯ್ದಂತೆ ಮಲಗಿತ್ತು. ಹನ್ನೊಂದರ ಮೇಲೆ ಪಡುವಣ ಗಾಳಿ ಎದ್ದು, ಖರ್ಜೂರದ ಗರಿಗಳು ಒಂದೇ ಮಗ್ಗುಲಿಗೆ ಬಾಗಿದವು. ನಮ್ಮದು ತೆಳುನೀರಿನ ಕಡಲು, ಗಾಳಿ ಬಿದ್ದರೆ ಅಲೆಗೆ ಉದ್ದವಿಲ್ಲ, ಕಿರಿದಾಗಿ ಕಡಿದಾಗಿ ಒಂದರ ಬೆನ್ನಿಗೊಂದು ಬಡಿಯುತ್ತದೆ. ಹೆಂಗಸರು ಒಬ್ಬೊಬ್ಬರಾಗಿ ಸಂಘದ ಕಟ್ಟಡದ ಮೆಟ್ಟಿಲಿಗೆ ಬಂದರು. ಖಮೈಸನ ಹೆಂಡತಿ ಮನ್ನಾನಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಕಾಪಾಡಲು ಹೋಗುವ ದೊಡ್ಡ ದೋಣಿ ಕೆಳಗೆ ಎಂಜಿನ್ ಓಡಿಸಿಕೊಂಡು ಸಿದ್ಧವಾಗಿತ್ತು. ಅಂಥದು ಇದ್ದದ್ದು ಅದೊಂದೇ.

ಹನ್ನೆರಡಕ್ಕೆ ಸಾಲ್ಹಾ ಕೂಗತೊಡಗಿದಳು. ಒಂದನೆಯ ದೋಣಿ, ಎರಡು ಟಕ್. ಎರಡನೆಯದು, ಎರಡು ಟಕ್. ಎಲ್ಲರೂ ದಡಕ್ಕೆ ತಿರುಗುತ್ತಿದ್ದರು. ಕೆಲವರು ಮಾತ್ರ ಮರಳ ದಿಬ್ಬದ ಮರೆಯಲ್ಲಿ ಲಂಗರು ಹಾಕಿ ಒಂದು ಟಕ್ ಒತ್ತಿ ಕೂತಿದ್ದರು.

“ಮೂವತ್ತೊಂದು.”

ಟಕ್ ಬಂತು. ಒಂದೇ. ಆದರೆ ಅದು ಮೊಳೆಗೆ ಬಿದ್ದ ಸುತ್ತಿಗೆಯಾಗಿರಲಿಲ್ಲ. ಗುಂಡಿ ಒತ್ತಿ, ಬಿಡಲು ಮನಸ್ಸಿಲ್ಲದೆ ಹಿಡಿದಿಟ್ಟು, ಆಮೇಲೆ ಬಿಟ್ಟ ಹಾಗೆ ಉದ್ದಕ್ಕೆ ಎಳೆದಿತ್ತು. ಸಾಲ್ಹಾಳ ಸೀಸದ ಕಡ್ಡಿ ಹಾಳೆಯ ಮೇಲೆ ಒಂದು ಗಳಿಗೆ ನಿಂತಿತು. ಒಂದು ಎಂದರೆ ಒಂದು ಎಂದುಕೊಂಡಳು. ಇನ್ನೂ ಇಪ್ಪತ್ತೊಂದು ದೋಣಿಗಳಿವೆ ಎಂದುಕೊಂಡಳು. ಹಮ್ದುಲಿಲ್ಲಾ ಎಂದು ಬರೆದಳು.

“ಮೂವತ್ತೆರಡು.”

ಮೂವತ್ತನಾಲ್ಕರಿಂದ ಮೂರು ಟಕ್ ಬಂತು. ಎಂಜಿನ್ ಕೆಟ್ಟು ಬಡಗಣ ದಿಕ್ಕಿನಲ್ಲಿ ನಿಂತಿದ್ದ ದೋಣಿ. ದೊಡ್ಡ ದೋಣಿ ಅತ್ತ ಹೊರಟಿತು.

ಅರ್ಧ ಗಂಟೆಯ ಮೇಲೆ ಮತ್ತೆ ಕೂಗಿದಾಗ ಮೂವತ್ತೊಂದು ಮೌನ. ಮತ್ತೊಮ್ಮೆ ಕೂಗಿದಳು. ಮೂರನೆಯ ಸಲ ನಿಯಮ ಮರೆತು, “ರಾಯಿಸ್! ರಾಯಿಸ್ ಖಮೈಸ್! ಮಾತಾಡಿ!” ಎಂದು ಕಿರುಚಿದಳು. ಯಂತ್ರ ಬರೀ ಉಸಿರಾಡುತ್ತಿತ್ತು. ಬಡಗಣಕ್ಕೆ ಹೋಗಿದ್ದ ದೋಣಿಯನ್ನು ತಿರುಗಿಸಿದಳು. ಅದು ಖಮೈಸ್ ಬರೆಸಿ ಹೋಗಿದ್ದ ದಕ್ಷಿಣದ ದಿಬ್ಬ ಮುಟ್ಟುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ಸಿಕ್ಕಿದವನು ಒಬ್ಬನೇ. ಖಮೈಸನ ತಂಗಿಯ ಮಗ ಲಸಾದ್, ಮೂವತ್ತು ದಾಟಿದ ಗಟ್ಟಿಗ, ಬಲೆಯ ಬೆಂಡುಗಳ ಕಂತೆಯನ್ನು ತಬ್ಬಿಕೊಂಡು ತೇಲುತ್ತಿದ್ದ. ಖಮೈಸನ ದೇಹ ಮಾರನೆಯ ಬೆಳಿಗ್ಗೆ ಮೀನು ಹಿಡಿಯಲು ನೆಟ್ಟ ಗರಿಬೇಲಿಯೊಂದಕ್ಕೆ ಸಿಕ್ಕಿಕೊಂಡಿತ್ತು.

ಮಣ್ಣು ಮಾಡಿ ಬಂದ ಮೇಲೆ ಲಸಾದ್ ಕಂಬಳಿ ಹೊದ್ದು, ಮಸೀದಿಯ ಜಗಲಿಯಲ್ಲಿ ಹಿರಿಯರ ನಡುವೆ ಕೂತು ಹೇಳಿದ. ಹೆಂಗಸರು ಗೋಡೆಯಾಚೆ ಕೇಳುತ್ತಿದ್ದರು. ಸಾಲ್ಹಾಳೂ ಅಲ್ಲಿದ್ದಳು.

“ಹಲಗೆ ಬಿಟ್ಟಿತ್ತು. ಅವಳು ಕೂಗೋ ಹೊತ್ತಿಗೆ ಮೊಣಕಾಲ್ಮಟ್ಟ ನೀರು. ಮಾಮಾ, ಮೂರು ಒತ್ತು ಅಂದೆ. ‘ತಡಿಯೋ, ಹೇಗಿದ್ದೀ ಅಂದ ತಕ್ಷಣ ಅಯ್ಯೋ ಅನ್ನೋಕೆ ನಾವೇನು ದೇವರಿಲ್ಲದವರಾ? ಮೊದಲು ಹಮ್ದುಲಿಲ್ಲಾ ಅನ್ನಬೇಕು. ಅವಳು “ಮತ್ತೆ?” ಅಂತಾಳೆ. ಆಗ ಹೇಳಿದ್ರಾಯ್ತು’ ಅಂದ. ಒಂದು ಒತ್ತಿ ಕಾದ.”

“ಆಮೇಲೆ?” ಎಂದ ಹಾಜಿ ತೀಜಾನಿ.

“ಅವಳು ಮೂವತ್ತೆರಡು ಅಂದಳು.” ಲಸಾದ್ ಕಂಬಳಿಯ ಅಂಚು ಹಿಂಡುತ್ತಿದ್ದ. “ಈಗ್ಲಾದ್ರೂ ಒತ್ತು ಅಂದೆ. ‘ಬೇರೆಯವರ ಸರದಿ, ಮುಗೀಲಿ’ ಅಂದ. ಅದು ಮುಗಿಯೋ ಮುಂಚೆ ಅಲೆ ಬಂದು ರೇಡಿಯೋ ಮುಳುಗ್ತು.”

ನಿಜ ತಾನೇ, ನಮ್ಮಲ್ಲಿ ಯಾರನ್ನು ಕೇಳಿದರೂ ಮೊದಲ ಉತ್ತರ ಅದೇ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವನೂ ಹಮ್ದುಲಿಲ್ಲಾ ಎನ್ನುತ್ತಾನೆ. ಕೇಳಿದವನು, “ಮತ್ತೆ?” ಎನ್ನುತ್ತಾನೆ. ಕಷ್ಟ ಹೊರಗೆ ಬರುವುದು ಆ ಎರಡನೆಯ ಪ್ರಶ್ನೆಗೆ. ಸಾಲ್ಹಾ ಮೊದಲ ಪ್ರಶ್ನೆಯನ್ನು ಮೂರು ಕ್ಷಣಕ್ಕೆ ಇಳಿಸಿದ್ದಳು, ಎರಡನೆಯದನ್ನು ಕಿತ್ತೇ ಹಾಕಿದ್ದಳು.

ಹಿರಿಯರು ಅವಳ ಮೇಲೆ ತಪ್ಪು ಹೊರಿಸಲಿಲ್ಲ. ಹಾಜಿ ತೀಜಾನಿ ಅವಳನ್ನು ಕರೆದು, “ನೋಡವ್ವಾ, ಅವನು ಒತ್ತಿದ್ದೂ ಒಂದೇ ಟಕ್, ನೀನು ಬರೆದದ್ದೂ ಒಂದೇ. ಅವನ ಹಣೆಬರಹ. ಸಂಘದ ಪುಸ್ತಕದಲ್ಲೂ ಹಾಗೇ ಬರೆಸ್ತೀನಿ. ಇನ್ನೊಬ್ಬರ ಹತ್ರ ಇದರ ಮಾತೆತ್ತಬೇಡ,” ಎಂದ.

ಆ ಉದ್ದನೆಯ ಟಕ್ ಅವಳ ಕಿವಿಯಲ್ಲೇ ಕೂತಿತ್ತು. ಅದು ತನಗೆ ಕೇಳಿಸಿತ್ತೆಂದು ತನ್ನೊಬ್ಬಳಿಗೇ ಗೊತ್ತು. ಬಾಯಿ ಬಿಡದಿದ್ದರೆ ಕೆಲಸ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಬಾಯಿ ಬಿಟ್ಟರೆ ಖಮೈಸನ ಮನೆಯವರು ಸಾಯುವತನಕ ಮುಖ ನೋಡಲಿಕ್ಕಿಲ್ಲ. ಎರಡು ದಿನ ಒಲೆ ಮುಂದೆ ಕೂತು ಬಾರ್ಲಿ ರೊಟ್ಟಿ ಸೀಯಿಸಿದಳು. ನೂರಿ ಸೀದ ರೊಟ್ಟಿಯನ್ನೇ ತಿಂದು, ಏನೂ ಕೇಳದೆ ಎದ್ದು ಹೋದ.

ಮೂರನೆಯ ದಿನ ಅವಳು ಮನ್ನಾನಾಳ ಮನೆಗೆ ಹೋದಳು. ನೆರೆಯವರು ತಂದ ಗೋಧಿ ರವೆಯ ಕುಸ್ಕುಸ್ಸಿನ ಬಟ್ಟಲುಗಳು ಬಾಗಿಲಲ್ಲಿ ಸಾಲಾಗಿದ್ದವು. ಒಳಗೆ ಮನ್ನಾನಾ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಹತ್ತಿರ ಕೂತಿದ್ದ ಹೆಂಗಸರು ಸಾಲ್ಹಾಳಿಗೆ ಜಾಗ ಬಿಟ್ಟರು.

“ಬಾ ಮಗಳೇ,” ಎಂದಳು ಮನ್ನಾನಾ. “ಹೇಗಿದ್ದೀಯಾ?”

ಸಾಲ್ಹಾಳ ನಾಲಗೆ ರೂಢಿಯಂತೆ ಹಮ್ದುಲಿಲ್ಲಾ ಎನ್ನಲು ಮೇಲೆದ್ದಿತು. ಅವಳು ಅದನ್ನು ನುಂಗಿದಳು.

“ಚೆನ್ನಾಗಿಲ್ಲ, ದೊಡ್ಡಮ್ಮ. ಆವತ್ತು ರಾಯಿಸರ ಟಕ್ ಉದ್ದ ಇತ್ತು. ಯಾವಾಗಿನ ಥರ ಇರ್ಲಿಲ್ಲ. ನನಗೆ ಕೇಳಿಸ್ತು. ಕೇಳಿಸಿದ್ರೂ ಮೂವತ್ತೆರಡು ಅಂದೆ.”

ಕೂತಿದ್ದವರಲ್ಲಿ ಒಬ್ಬಳು, “ಅಯ್ಯೋ,” ಎಂದು ಬಾಯಿಗೆ ಸೆರಗು ಒತ್ತಿದಳು. ಮನ್ನಾನಾ ತನ್ನ ಅಂಗೈ ನೋಡಿಕೊಂಡಳು.

“ಬಾಗಿಲಲ್ಲಿ ನಿಂತಿದ್ದೆನಲ್ಲ,” ಎಂದಳು. “ಮೂವತ್ತೇಳು ವರ್ಷ ಆ ಮನುಷ್ಯನ ಜತೆ ಬಾಳಿದ್ದೀನಿ. ನನಗೂ ಕೇಳಿಸ್ತು. ಏನೋ ಸರಿಯಿಲ್ಲ ಅಂತ ಎದೆ ಹೇಳ್ತು. ಬಾಯಿ ಹಮ್ದುಲಿಲ್ಲಾ ಅಂತು. ಹಿಟ್ಟು ಒಣಗುತ್ತೆ ಅಂತ ಮನೆಗೆ ಬಂದ್ಬಿಟ್ಟೆ.”

ಇಬ್ಬರೂ ಅಳಲಿಲ್ಲ. ಅಳು ಇರುವಲ್ಲಿಗಿಂತ ಕೆಳಗಿನ ಜಾಗ ಅದು.

“ನಿನ್ನ ಮಾಫ್ ಮಾಡಿದೆ ಅಂತ ಹೇಳಲ್ಲ,” ಎಂದಳು ಮನ್ನಾನಾ. “ನನ್ನನ್ನೇ ಮಾಡ್ಕೊಂಡಿಲ್ಲ. ಇದನ್ನ ಗಂಡಸರ ಮುಂದೆ ಹೇಳು. ಅವರು ‘ಅವನೇ ತಪ್ಪು ಒತ್ತಿದ’ ಅಂತ ಪುಸ್ತಕದಲ್ಲಿ ಬರೀತಾರಂತೆ. ಅವನು ತಪ್ಪು ಒತ್ತಲಿಲ್ಲ.”

ಮುಂದಿನ ಶುಕ್ರವಾರ ನಮಾಜಿನ ಮೇಲೆ ಸಂಘ ಸೇರಿತು. ಸಾಲ್ಹಾ ನಿಂತು ಎಲ್ಲವನ್ನೂ ಹೇಳಿದಳು, ಕಡ್ಡಿ ನಿಂತ ಗಳಿಗೆಯನ್ನೂ ಬಿಡಲಿಲ್ಲ. ಹಾಜಿ ತೀಜಾನಿಯ ಮುಖ ಕಪ್ಪಿಟ್ಟಿತು. ಕೆಲವರು ಬೇರೆಯವರನ್ನು ಕೂರಿಸಿ ಎಂದರು. ಮೂವತ್ತನಾಲ್ಕರ ರಾಯಿಸ್, ತಾನು ಬದುಕಿದ್ದಕ್ಕೇ ನಾಚಿಕೊಂಡವನಂತೆ ತಲೆ ತಗ್ಗಿಸಿ ಕೂತಿದ್ದವನು, ಎದ್ದು ಗಂಟಲು ಸರಿಮಾಡಿಕೊಂಡ.

“ನಾನು ಲಂಗರು ಹಾಕಿ ನಿಂತಿದ್ದೆ. ಸಾಯಂಕಾಲದ ತನಕ ಕಾಯಬಹುದಿತ್ತು. ಈ ಟಕ್ಕೇ ಬೇಡ ಕಣ್ರಪ್ಪಾ. ಬಾಯಿ ಕೊಟ್ಟ ದೇವರು ದಡ್ಡನಾ? ಮಾತಾಡೋಣ ಮೊದಲಿನ ಥರ.”

“ಮಾತಾಡಿದ್ರೆ ಒಂದು ಗಂಟೆ ಆಗುತ್ತೆ, ರಾಯಿಸ್,” ಎಂದಳು ಸಾಲ್ಹಾ. “ಆವತ್ತು ಮಾತಾಡಿದ್ರೆ ಮೂವತ್ತೊಂದರ ಸರದಿ ಬರೋದ್ರೊಳಗೆ ದೋಣಿ ತಳ ಸೇರಿರ್ತಿತ್ತು. ನನ್ನನ್ನ ತೆಗೀತೀರೋ ಬಿಡ್ತೀರೋ ನಿಮಗೆ ಬಿಟ್ಟದ್ದು. ಟಕ್ ತೆಗೀಬೇಡಿ. ಒಂದು ಮಾತು ಸೇರಿಸಿ. ಒಂದು ಟಕ್ ಒತ್ತಿದವರಿಗೆಲ್ಲ ಕೂತವರು ‘ಮತ್ತೆ?’ ಅಂತ ಕೇಳಬೇಕು. ಕೇಳಿ ಎರಡು ಎಣಿಸಬೇಕು. ಕಷ್ಟ ಇದ್ದವರು ಆಗ ಮೂರು ಒತ್ತಲಿ, ಇಲ್ದಿದ್ರೆ ಸುಮ್ನಿರ್ಲಿ. ಎಣಿಸದೆ ಮುಂದಕ್ಕೆ ಹೋಗಕೂಡದು.”

“ಅದಕ್ಕೆ ಎಷ್ಟು ಹೊತ್ತು ಹೆಚ್ಚಾಗುತ್ತೆ?” ಎಂದು ಒಬ್ಬ ಕೇಳಿದ.

“ಎಲ್ಲರೂ ಒಂದೇ ಒತ್ತಿದ್ರೆ, ಎರಡು ನಿಮಿಷದೊಳಗೆ.”

ಒಂದು ಮಾತಿಗೆ ಎರಡು ನಿಮಿಷವೇ ಎಂದು ಗೊಣಗಿದವನೂ ಇದ್ದ. ಲಸಾದ್ ಅವನ ಕಡೆ ತಿರುಗಿ ನೋಡಿದ. ಹಾಜಿ ತೀಜಾನಿ ಪುಸ್ತಕ ತರಿಸಿ, ತಪ್ಪು ಒತ್ತಿದ್ದ ಎಂಬ ಸಾಲನ್ನು ತಾನೇ ಹೊಡೆದುಹಾಕಿ, ಅದರ ಕೆಳಗೆ ‘ಕೇಳಲಿಲ್ಲ’ ಎಂದಷ್ಟೇ ಬರೆದ. ಯಾರು ಕೇಳಲಿಲ್ಲ ಎಂದು ಬರೆಯಲಿಲ್ಲ. ಸಾಲ್ಹಾಳನ್ನು ತೆಗೆಯುವ ಮಾತು ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ.

ವರ್ಷ ತುಂಬುವತನಕ ಮೂವತ್ತೊಂದು ಸಂಖ್ಯೆ ಖಾಲಿಯಿತ್ತು. ಲಸಾದ್ ಕಡಲಿಗೆ ಬೆನ್ನು ಹಾಕಿ ಸ್ಫಾಕ್ಸಿನಲ್ಲಿ ಗಾಡಿಯಿಂದ ಮೂಟೆ ಇಳಿಸುತ್ತಿದ್ದ. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಅಷ್ಟಪಾದಿಯ ಸುಗ್ಗಿಗೆ ಹಿಂತಿರುಗಿ, ಹಳೆಯದೊಂದು ದೋಣಿಗೆ ಹೊಸ ಹಲಗೆ ಬಡಿಸಿ, ಸಂಘಕ್ಕೆ ಬಂದು ಮಾವನ ಸಂಖ್ಯೆಯನ್ನೇ ಕೇಳಿ ತೆಗೆದುಕೊಂಡ. ಮನ್ನಾನಾ ಬೇಡ ಎನ್ನಲಿಲ್ಲ.

ಅವನು ಇಳಿದ ಮೊದಲ ದಿನ ಕಡಲು ಶಾಂತವಾಗಿತ್ತು. ಮಧ್ಯಾಹ್ನ ಸಾಲ್ಹಾ ಸಂಖ್ಯೆ ಕೂಗುತ್ತಾ ಬಂದಳು.

“ಮೂವತ್ತೊಂದು.”

ಟಕ್. ಹೊಸ ಹೆಬ್ಬೆರಳು, ಅವಳಿಗಿನ್ನೂ ಗುರುತಿಲ್ಲದ್ದು. ಚಿಕ್ಕದೋ ಉದ್ದದ್ದೋ ಹೇಳಲು ಹಿಂದಿನದೊಂದು ಇರಲಿಲ್ಲ.

“ಮತ್ತೆ?” ಎಂದಳು.

ಒಂದು, ಎರಡು ಎಣಿಸಿದಳು. ಅತ್ತಲಿಂದ ಏನೂ ಬರಲಿಲ್ಲ. ಮೂರು ಎಣಿಸಿದಳು, ನಾಲ್ಕು ಎಣಿಸಿದಳು. ಮುಂದಿನ ದೋಣಿಗಳು ಕಾಯುತ್ತಿದ್ದವು. ಆರರ ತನಕ ಎಣಿಸಿ, ಹಾಳೆಯ ಮೇಲೆ ಹಮ್ದುಲಿಲ್ಲಾ ಎಂದು ಬರೆದು, ಮೂವತ್ತೆರಡನ್ನು ಕೂಗಿದಳು.